ಮೈಸೂರಿನ ತಾರಸಿ ಮೇಲಿಂದ ವರ್ಷಪೂರ್ತಿ ನಕ್ಷತ್ರ ನೋಡೋದು: ಪಂಚಾಂಗ, ಚಾಪೆ, ಒಂದು ಬೈನಾಕ್ಯುಲರ್

ಸಿಟಿಯಲ್ಲಿ ಇದ್ಕೊಂಡು ನಕ್ಷತ್ರ ನೋಡಕ್ಕಾಗಲ್ಲ, ಅದಕ್ಕೆಲ್ಲ ಲಡಾಖ್‌ಗೇ ಹೋಗ್ಬೇಕು ಅನ್ನೋ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಲಡಾಖ್‌ನ ಹಾನ್ಲೆಗೆ ಹೋಗಿ ಬನ್ನಿ, ಬೇಡ ಅನ್ನಲ್ಲ, ಅಲ್ಲಿನ ಕತ್ತಲು ನಮ್ಮ ಕಡೆ ಸಿಗಲ್ಲ. ಆದ್ರೆ ಅಲ್ಲಿ ಅಗಸ್ತ್ಯ ನಕ್ಷತ್ರ ದಿಗಂತದಿಂದ ನಾಲ್ಕೂವರೆ ಡಿಗ್ರಿ ಮೇಲೆ ಬಂದ್ರೆ ಹೆಚ್ಚು, ಅದೂ ಬೆಟ್ಟ ಅಡ್ಡ ಬರದೇ ಇದ್ರೆ. ತ್ರಿಶಂಕು (ಸದರ್ನ್ ಕ್ರಾಸ್ ಅನ್ನೋ ನಾಲ್ಕು ನಕ್ಷತ್ರದ ಗುಂಪು) ಅಂತೂ ಪೂರ್ತಿ ಏಳೋದೇ ಇಲ್ಲ. ಮೈಸೂರಲ್ಲಿ ಅದೇ ಅಗಸ್ತ್ಯ 25 ಡಿಗ್ರಿ ಎತ್ತರಕ್ಕೆ ಬರ್ತಾನೆ, ತ್ರಿಶಂಕು 15ರಿಂದ 20 ಡಿಗ್ರಿ, ಉತ್ತರಕ್ಕೆ ತಿರುಗಿದ್ರೆ ಧ್ರುವನೂ ಇದ್ದಾನೆ. ನಾವಿರೋದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆಕಾಶದ ಹೆಚ್ಚೂಕಡಿಮೆ ಎರಡೂ ತುದಿ ಕಾಣೋ ಜಾಗ, ಇದನ್ನ ಬಿಟ್ಟಿಯಾಗಿ ಇಟ್ಕೊಂಡು ಬೀದಿ ದೀಪ ಬೈಕೊಂಡು ಕೂತಿದೀವಿ.

ಇನ್ನೊಂದು ಅನುಕೂಲ, ನಮಗೆ ಹೆಸರುಗಳು ಹೊಸದಲ್ಲ. ರೋಹಿಣಿ ಮಳೆ, ಆರಿದ್ರ ಮಳೆ, ಮಘೆ ಮಳೆ, ಸ್ವಾತಿ ಮಳೆ ಅಂತ ಮಂಡ್ಯ ಕಡೆ ಯಾವ ಅಜ್ಜನ್ನ ಕೇಳಿದ್ರೂ ಸಾಲಾಗಿ ಹೇಳ್ತಾರೆ, ನಮ್ಮ ಮನೇಲೇ ಯಾರೋ ಒಬ್ರು ರೋಹಿಣಿ ನಕ್ಷತ್ರ, ಇನ್ನೊಬ್ರು ಚಿತ್ತಾ ನಕ್ಷತ್ರ. ಹೆಸರು ಗೊತ್ತು, ಆದ್ರೆ ಅದು ಮೇಲೆ ಎಲ್ಲಿದೆ ಅಂತ ಬೆರಳು ತೋರಿಸೋಕೆ ಬರಲ್ಲ. ಈ ಬರಹ ಅಷ್ಟಕ್ಕೇ ಇರೋದು. ಟೆಲಿಸ್ಕೋಪ್ ಬೇಡ, ಗೋಡೆ ಮೇಲಿನ ಕ್ಯಾಲೆಂಡರ್ ಬೇಕು.

ಮೊದಲು ದಿನ ಆರಿಸ್ಕೊಳ್ಳಿ

ಸಿಟಿಯಲ್ಲಿ ಬೀದಿ ದೀಪಕ್ಕಿಂತ ದೊಡ್ಡ ಶತ್ರು ಚಂದ್ರ. ಹುಣ್ಣಿಮೆ ಆಸುಪಾಸಿನ ದಿನಗಳಲ್ಲಿ ಹಳ್ಳಿಗೆ ಹೋದ್ರೂ ಆಕಾಶ ಬೆಳ್ಳಗೇ ಇರುತ್ತೆ. ಯಾವ ದಿನ ಒಳ್ಳೇದು ಅಂತ ತಿಳ್ಕೊಳ್ಳೋಕೆ ಸುಲಭದ ಗುರುತು ಸಂಕಷ್ಟಿ. ಸಂಕಷ್ಟಹರ ಚತುರ್ಥಿ ದಿನ ಚಂದ್ರೋದಯ ಎಷ್ಟು ಹೊತ್ತಿಗೆ ಅಂತ ಕ್ಯಾಲೆಂಡರಲ್ಲೇ ಹಾಕಿರ್ತಾರೆ, ಉಪವಾಸ ಇರೋರು ಕಾಯೋದೇ ಅದಕ್ಕೆ, ಸಾಮಾನ್ಯವಾಗಿ ಎಂಟೂವರೆಯಿಂದ ಒಂಬತ್ತೂವರೆ ಒಳಗೆ ಇರುತ್ತೆ. ಅಲ್ಲಿಂದ ಮುಂದೆ ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷದ ಲೆಕ್ಕದಲ್ಲಿ ಚಂದ್ರ ಲೇಟಾಗ್ತಾ ಹೋಗ್ತಾನೆ. ಅಂದ್ರೆ ಸಂಕಷ್ಟಿ ಮಾರನೇ ದಿನದಿಂದ ನಿಮಗೆ ಸಂಜೆಗತ್ತಲು ಶುರು, ಅಮಾವಾಸ್ಯೆ ದಾಟಿ ಶುಕ್ಲ ಪಕ್ಷದ ಚೌತಿವರೆಗೂ ನಡೆಯುತ್ತೆ, ಚೌತಿ ಚಂದ್ರ ಒಂಬತ್ತರ ಹೊತ್ತಿಗೆ ಮುಳುಗಿಬಿಡ್ತಾನೆ. ಗಣೇಶ ಚೌತಿ ದಿನ ಚಂದ್ರನ್ನ ನೋಡಬಾರದು ಅನ್ನೋರು ಒಂಬತ್ತರ ಮೇಲೆ ತಾರಸಿ ಹತ್ತಿ, ಅಪವಾದವೂ ಬರಲ್ಲ ಆಕಾಶವೂ ಸಿಗುತ್ತೆ.

ತಿಂಗಳಿಗೆ ಎರಡು ವಾರ ಕೆಲಸಕ್ಕೆ ಬರೋ ದಿನಗಳು, ಅದರಲ್ಲಿ ಮೋಡ ಕಳೆದ್ರೆ ನಾಲ್ಕೋ ಐದೋ ಉಳಿಯುತ್ತೆ, ಸಾಕು. ಸೂರ್ಯ ಮುಳುಗಿ ಒಂದೂಕಾಲು ಗಂಟೆ ಆದ್ಮೇಲೆ ಪೂರ್ತಿ ಕತ್ತಲು, ಅದಕ್ಕೆ ಮುಂಚೆ ಹತ್ತಿದ್ರೆ ಸೊಳ್ಳೆಗೆ ಊಟ ಅಷ್ಟೇ. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಅರಮನೆ ದೀಪ ಹಾಕ್ತಾರಲ್ಲ, ಸುಮಾರು ಒಂದು ಲಕ್ಷ ಬಲ್ಬು, ಅಗ್ರಹಾರ, ದೇವರಾಜ ಮೊಹಲ್ಲಾ ಕಡೆ ಇರೋರು ಅದು ಆರೋವರೆಗೂ ಊಟ ಮುಗಿಸ್ಕೊಳ್ಳಿ.

ತಾರಸಿ

ಆಕಾಶವನ್ನ ನೀವು ಕತ್ತಲು ಮಾಡೋಕಾಗಲ್ಲ, ಆದ್ರೆ ನಿಮ್ಮ ಕಣ್ಣಿಗೆ ನೇರವಾಗಿ ಬೀಳೋ ದೀಪ ತಡೀಬಹುದು, ಮತ್ತೆ ಸಿಟಿಯಲ್ಲಿ ಅರ್ಧ ತೊಂದರೆ ಇರೋದೇ ಅದರಿಂದ. ಬೀದಿಯ ಎಲ್‌ಇಡಿ ಯಾವ ಕಡೆ ಇದೆ ನೋಡಿ, ಅದಕ್ಕೂ ನಿಮಗೂ ಮಧ್ಯೆ ನೀರಿನ ಟ್ಯಾಂಕ್ ಬರೋ ಹಾಗೆ ಕೂತ್ಕೊಳ್ಳಿ. ಟ್ಯಾಂಕ್ ಸರಿಯಾದ ಜಾಗದಲ್ಲಿ ಇಲ್ಲ ಅಂದ್ರೆ ಬಟ್ಟೆ ಒಣಗಿಸೋ ತಂತಿ ಮೇಲೆ ಒಂದು ದಪ್ಪ ಬೆಡ್‌ಶೀಟ್ ಇಳಿಬಿಟ್ಟು ಕ್ಲಿಪ್ ಹಾಕಿ, ಇದಕ್ಕಿಂತ ಒಳ್ಳೆ ಉಪಕರಣ ನಾನು ನೋಡಿಲ್ಲ. ಪ್ಯಾರಾಪೆಟ್ ಗೋಡೆ ಕೆಳಗೆ ಚಾಪೆ ಹಾಕಿ ಮಲಗಿದ್ರಂತೂ ಸುತ್ತಲಿನ ಮನೆಗಳ ಬಾಲ್ಕನಿ ದೀಪ ಎಲ್ಲಾ ಮರೆಯಾಗುತ್ತೆ, ಕತ್ತೂ ನೋಯಲ್ಲ.

ಅಪಾರ್ಟ್‌ಮೆಂಟಲ್ಲಿ ಇರೋರು ಟೆರೇಸ್ ಬೀಗದ ವಿಷಯ ಅಸೋಸಿಯೇಷನ್‌ನೋರ ಹತ್ರ ಮುಂಚೆನೇ ಮಾತಾಡ್ಕೊಳ್ಳಿ, ರಾತ್ರಿ ಹತ್ತಕ್ಕೆ ಟಾರ್ಚ್ ಹಿಡ್ಕೊಂಡು ಬೈನಾಕ್ಯುಲರ್ ನೇತಾಕ್ಕೊಂಡು ಮೇಲೆ ಓಡಾಡೋರನ್ನ ಎದುರು ಮನೆಯವರು ಏನಂದ್ಕೊಳ್ತಾರೆ ಅಂತ ಹೇಳ್ಬೇಕಾಗಿಲ್ಲ. ಪಕ್ಕದ ಮನೆ ಆಂಟಿನೂ ಒಂದಿನ ಕರೆದು ಚಂದ್ರ ತೋರಿಸಿಬಿಡಿ, ಆಮೇಲೆ ಅವರೇ ತಮ್ಮ ತಾರಸಿ ಲೈಟ್ ಆಫ್ ಮಾಡ್ತಾರೆ. ಕರೆಂಟ್ ಹೋದ ರಾತ್ರಿ ಇನ್‌ವರ್ಟರ್ ಅಂತ ಕೂರದೆ ಮೇಲೆ ಓಡಿ, ಅದು ಲಾಟರಿ.

ನಿಮ್ಮ ಬಡಾವಣೆ ಎಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಊರಿನ ಬೆಳಕಿನ ಗುಮ್ಮಟ ಕೂರೋದು ಮಧ್ಯದಲ್ಲಿ. ಜೆ.ಪಿ. ನಗರ, ಶ್ರೀರಾಂಪುರದವರಿಗೆ ದಕ್ಷಿಣ ಆಕಾಶ ಚೆನ್ನಾಗಿರುತ್ತೆ, ವಿಜಯನಗರ, ಹೆಬ್ಬಾಳದವರಿಗೆ ಉತ್ತರ, ಪಶ್ಚಿಮ. ಅಗಸ್ತ್ಯ, ತ್ರಿಶಂಕು ನೋಡ್ಬೇಕು ಅಂದಾಗ ದಕ್ಷಿಣದ ಅಂಚಲ್ಲಿರೋ ನೆಂಟರ ಮನೆ ಯಾವುದು ಅಂತ ನೆನಪು ಮಾಡ್ಕೊಳ್ಳಿ.

ಕಣ್ಣು, ಕೈ, ಫೋನು

ಕಣ್ಣು ಕತ್ತಲಿಗೆ ಒಗ್ಗೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮೊದಲ ಐದು ನಿಮಿಷ ಏನೂ ಕಾಣಲ್ಲ ಅಂತ ಇಳಿದು ಬರೋರೇ ಜಾಸ್ತಿ. ಮಧ್ಯೆ ಒಂದು ಸಲ ವಾಟ್ಸ್ಯಾಪ್ ತೆಗೆದ್ರೆ ಮತ್ತೆ ಮೊದಲಿಂದ. ಕೆಂಪು ಬೆಳಕು ಮಾತ್ರ ಅಷ್ಟು ಕೆಡಿಸಲ್ಲ, ಕತ್ತಲಲ್ಲಿ ಕೆಲಸ ಮಾಡೋ ಕಣ್ಣಿನ ಕೋಶಗಳಿಗೆ ಕೆಂಪು ಹೆಚ್ಚು ತಾಗಲ್ಲ, ಹಾಗಾಗಿ ಸ್ಟೇಷನರಿ ಅಂಗಡೀಲಿ ಸಿಗೋ ಕೆಂಪು ಜಿಲಾಟಿನ್ ಪೇಪರ್ ಎರಡು ಪದರ ಮಡಚಿ ಟಾರ್ಚಿಗೆ ರಬ್ಬರ್ ಬ್ಯಾಂಡ್ ಹಾಕಿಬಿಡಿ. ಆಕಾಶದ ನಕ್ಷೆ ತೋರಿಸೋ ಸ್ಟೆಲೇರಿಯಂ ಆ್ಯಪ್ ಹಾಕ್ಕೊಂಡ್ರೆ ಅದರಲ್ಲಿ ನೈಟ್ ಮೋಡ್ ಇದೆ, ಸ್ಕ್ರೀನ್ ಪೂರ್ತಿ ಕೆಂಪಾಗುತ್ತೆ. ಆ್ಯಪ್‌ನ ದಿಕ್ಕು ಮಾತ್ರ ಕಣ್ಮುಚ್ಚಿ ನಂಬಬೇಡಿ, ತಾರಸೀಲಿ ಕಾಲಂ ಕಬ್ಬಿಣ, ಸೋಲಾರ್ ಸ್ಟ್ಯಾಂಡ್ ಇರುತ್ತೆ, ಅದರ ಪಕ್ಕ ನಿಂತ್ರೆ ಫೋನಿನ ದಿಕ್ಸೂಚಿ ಎತ್ತೆತ್ತಲೋ ತೋರಿಸುತ್ತೆ. ಒಂದು ಸಲ ಹಗಲಲ್ಲೇ ಸೂರ್ಯ ಹುಟ್ಟೋ ಕಡೆ ನೋಡಿ ನಾಲ್ಕೂ ದಿಕ್ಕು ಗುರುತು ಮಾಡಿಟ್ಕೊಂಡ್ರೆ ಜನ್ಮಕ್ಕಾಯ್ತು.

ಅಳತೆಗೆ ಕೈ ಸಾಕು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳು 1 ಡಿಗ್ರಿ. ಧ್ರುವ ನಮ್ಮೂರಲ್ಲಿ ಉತ್ತರ ದಿಗಂತದಿಂದ ಒಂದು ಮುಷ್ಟಿ ಮತ್ತೆ ಸ್ವಲ್ಪ, ಅಗಸ್ತ್ಯ ದಕ್ಷಿಣದಲ್ಲಿ ಎರಡೂವರೆ ಮುಷ್ಟಿ. ಧ್ರುವ ಎಲ್ಲಕ್ಕಿಂತ ಪ್ರಕಾಶಮಾನ ಅಂತ ಶಾಲೇಲಿ ಯಾರೋ ಹೇಳಿರ್ತಾರೆ, ಹಾಗೇನಿಲ್ಲ, ಅದು ಸಾಧಾರಣ ಬೆಳಕಿನ ನಕ್ಷತ್ರ, ಅಷ್ಟು ಕೆಳಗೆ ಧೂಳು, ಕಟ್ಟಡ ಎಲ್ಲಾ ಅಡ್ಡ ಬರೋದ್ರಿಂದ ಸಿಟಿಯಲ್ಲಿ ಕಾಣ್ದೇ ಇದ್ರೆ ಬೇಜಾರಾಗ್ಬೇಡಿ.

ಇನ್ನೊಂದು ಲೆಕ್ಕ ತಲೇಲಿರಲಿ: ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ, ತಿಂಗಳಿಗೆ ಎರಡು ಗಂಟೆ. ಈ ತಿಂಗಳು ರಾತ್ರಿ ಹತ್ತಕ್ಕೆ ಎಲ್ಲಿ ಕಂಡ್ತೋ ಮುಂದಿನ ತಿಂಗಳು ಎಂಟಕ್ಕೇ ಅಲ್ಲಿರುತ್ತೆ. ಕೆಳಗೆ ನಾನು ಕೊಡೋ ಟೈಮೆಲ್ಲಾ ತಿಂಗಳ ಮಧ್ಯಭಾಗಕ್ಕೆ, ಹಿಂದೆಮುಂದೆ ನೀವೇ ಹೊಂದಿಸ್ಕೊಳ್ಳಿ.

ಮಳೆ ನಕ್ಷತ್ರ ಮಳೇಲಿ ಯಾಕೆ ಕಾಣಲ್ಲ

ಇದೊಂದು ಅರ್ಥ ಆದ್ರೆ ಪಂಚಾಂಗ ಪೂರ್ತಿ ಅರ್ಥ ಆದಂಗೆ. ಆರಿದ್ರ ಮಳೆ ಅಂದ್ರೆ ಸೂರ್ಯ ಆರಿದ್ರ ನಕ್ಷತ್ರದ ಭಾಗದಲ್ಲಿರೋ ದಿನಗಳು, ಜೂನ್ 22ರ ಸುಮಾರಿಂದ ಎರಡು ವಾರ. ಸೂರ್ಯ ಅಲ್ಲಿದ್ದಾನೆ ಅಂದ್ಮೇಲೆ ಆ ನಕ್ಷತ್ರ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತೆ, ಮೋಡ ಇಲ್ದಿದ್ರೂ ನಮಗೆ ಕಾಣಲ್ಲ. ಆರು ತಿಂಗಳು ಮುಂದಕ್ಕೆ ಹೋಗಿ, ಡಿಸೆಂಬರ್ ಕೊನೇಲಿ ಸೂರ್ಯ ಎದುರು ಬದಿಯಲ್ಲಿರ್ತಾನೆ, ಆರಿದ್ರ ಸಂಜೆ ಹುಟ್ಟಿ ನಡುರಾತ್ರಿ ನೆತ್ತಿ ಹತ್ರ ಬಂದು ಬೆಳಿಗ್ಗೆ ಮುಳುಗುತ್ತೆ. ಅಂದ್ರೆ ಮುಂಗಾರು ಮಳೆ ನಕ್ಷತ್ರಗಳೆಲ್ಲಾ ನಮ್ಮ ಚಳಿಗಾಲದ ರಾತ್ರಿ ನಕ್ಷತ್ರಗಳು.

ಪಂಚಾಂಗದಲ್ಲಿ ದಿನದಿನಕ್ಕೆ ಬರೆದಿರೋ ನಕ್ಷತ್ರ ಮಾತ್ರ ಬೇರೆ, ಅದು ಚಂದ್ರ ಇರೋ ಜಾಗ. ಒಂಟಿಕೊಪ್ಪಲ್ ಪಂಚಾಂಗ ಇದ್ರೆ ತೆಗೀರಿ, ನಮ್ಮೂರದ್ದೇ. ಸಂಜೆ ಹೊತ್ತಿಗೆ ರೋಹಿಣಿ ನಡೀತಿರೋ ದಿನ ನೋಡಿ (ಎಷ್ಟು ಗಂಟೆವರೆಗೆ ಅಂತ ಪಕ್ಕದಲ್ಲೇ ಇರುತ್ತೆ), ಅವತ್ತು ಚಂದ್ರನ ಹತ್ರ ಕಿತ್ತಳೆ ಬಣ್ಣದ ನಕ್ಷತ್ರ ಕಂಡ್ರೆ ಅದೇ ರೋಹಿಣಿ. ಹೀಗೇ ಮಘೆ, ಚಿತ್ತೆನೂ ಹಿಡೀಬಹುದು. ಸ್ವಾತಿ, ಶ್ರವಣಕ್ಕೆ ಈ ಉಪಾಯ ನಡೆಯಲ್ಲ, ಆ ಎರಡೂ ಚಂದ್ರನ ದಾರಿಯಿಂದ ಮೂರು ಮುಷ್ಟಿಯಷ್ಟು ಉತ್ತರಕ್ಕಿವೆ. ಕಾರ್ತೀಕ ಹುಣ್ಣಿಮೆ ಚಂದ್ರ ಕೃತ್ತಿಕೆ ಹತ್ರ, ಚೈತ್ರ ಹುಣ್ಣಿಮೆ ಚಂದ್ರ ಚಿತ್ತೆ ಹತ್ರ, ತಿಂಗಳುಗಳಿಗೆ ಹೆಸರು ಬಂದಿರೋದೇ ಹಾಗೆ.

ಚಳಿಗಾಲ: ಡಿಸೆಂಬರಿಂದ ಮಾರ್ಚ್

ಹೊಸಬರು ಶುರು ಮಾಡೋದಾದ್ರೆ ಇಲ್ಲಿಂದ ಮಾಡಿ. ಹಿಂಗಾರು ಮುಗಿದು ಆಕಾಶ ತಿಳಿಯಾಗಿರುತ್ತೆ, ಅತಿ ಪ್ರಕಾಶದ ನಕ್ಷತ್ರಗಳೆಲ್ಲಾ ಒಂದೇ ಕಡೆ ಗುಂಪಾಗಿವೆ, ಎಂ.ಜಿ. ರಸ್ತೆ ಮಧ್ಯೆ ನಿಂತ್ರೂ ಕಾಣುತ್ವೆ.

ಡಿಸೆಂಬರಲ್ಲಿ ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ತಿರುಗಿ. ಒಂದೇ ಗೆರೆಯಲ್ಲಿ ಒಂದೇ ಅಂತರದಲ್ಲಿ ಮೂರು ನಕ್ಷತ್ರ ನೆಟ್ಟಗೆ ನಿಂತಿರುತ್ವೆ, ಮಹಾವ್ಯಾಧನ (ಇಂಗ್ಲಿಷಲ್ಲಿ ಒರಾಯನ್) ನಡುಪಟ್ಟಿ. ಇದು ಸಿಕ್ಕಿದ್ಮೇಲೆ ಬೇರೆ ಎಲ್ಲಾ ಇದರಿಂದಲೇ. ಆ ಗೆರೆಯನ್ನ ಮೇಲಕ್ಕೆ ಎಳೆದ್ರೆ ರೋಹಿಣಿ, ಇನ್ನೂ ಮೇಲಕ್ಕೆ ಕೃತ್ತಿಕೆ ಗೊಂಚಲು. ಕೆಳಕ್ಕೆ ಎಳೆದ್ರೆ ಲುಬ್ಧಕ, ರಾತ್ರಿ ಆಕಾಶದಲ್ಲಿ ಅತಿ ಹೆಚ್ಚು ಬೆಳಗೋ ನಕ್ಷತ್ರ, 8.6 ಜ್ಯೋತಿರ್ವರ್ಷ ದೂರ. ಜಿಂಕೆಗೆ ಬಾಣ ಬಿಟ್ಟ ಬೇಟೆಗಾರ ಲುಬ್ಧಕ, ಆ ಮೂರು ನಕ್ಷತ್ರ ಬಾಣ, ಅದು ತಗುಲಿದ ಜಿಂಕೆ ತಲೆ ಮೃಗಶಿರ ಅನ್ನೋದು ನಮ್ಮ ಕತೆ, ಆಕಾಶದಲ್ಲಿ ನೋಡಿದ್ರೆ ಸಾಲಾಗಿ ಹಾಗೇ ಕಾಣುತ್ತೆ.

ಈ ಹೊತ್ತಲ್ಲಿ ಲುಬ್ಧಕನ್ನ ಐದು ನಿಮಿಷ ಬಿಡದೆ ನೋಡಿ. ಆಗಷ್ಟೇ ಹುಟ್ಟಿ ಕೆಳಗಿರೋದ್ರಿಂದ ಅದರ ಬೆಳಕು ದಪ್ಪ ಗಾಳಿಯೊಳಗಿಂದ ಅಲುಗಾಡಿಕೊಂಡು ಬರುತ್ತೆ, ಒಂದು ಕ್ಷಣ ಕೆಂಪು, ಮರುಕ್ಷಣ ಹಸಿರು, ಆಮೇಲೆ ನೀಲಿ, ಹೊಳೆದು ಹೊಳೆದು ಬಣ್ಣ ಬದಲಾಗುತ್ತೆ, ಡ್ರೋನ್ ಇರಬೇಕು ಅಂತ ಎಷ್ಟೋ ಜನ ಅಂದ್ಕೊಳ್ತಾರೆ. ಬೈನಾಕ್ಯುಲರಲ್ಲಿ ಸ್ವಲ್ಪ ಫೋಕಸ್ ಕೆಡಿಸಿ ನೋಡಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಅದೇ ನಕ್ಷತ್ರವನ್ನ ನಡುರಾತ್ರಿ ಮೇಲೆ ನೋಡಿ, ಶುದ್ಧ ಬಿಳಿ, ಅಲುಗಾಟ ಇಲ್ಲ.

ನಡುಪಟ್ಟಿಯ ಒಂದು ಬದಿ ಕೆಂಪಗಿರೋದು ಆರಿದ್ರ, ಆ್ಯಪಲ್ಲಿ ಬೀಟಲ್‌ಜೂಸ್ ಅಂತ ಬರುತ್ತೆ. 2019ರ ಕೊನೆಯಿಂದ 2020ರ ಶುರುವರೆಗೆ ಇದು ಬರಿಗಣ್ಣಿಗೇ ಗೊತ್ತಾಗೋಷ್ಟು ಮಂಕಾಗಿತ್ತು, ಸಿಡಿದೇ ಬಿಡುತ್ತೆ ಅಂತ ಟಿವಿಯವರು ಕುಣಿದ್ರು, ಕೊನೆಗೆ ನೋಡಿದ್ರೆ ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು. ಪಟ್ಟಿಯ ದಕ್ಷಿಣಕ್ಕೆ ಖಡ್ಗದ ಹಾಗೆ ನೇತಾಡೋ ಮಂಕು ಸಾಲಿನ ಮಧ್ಯಕ್ಕೆ ಬೈನಾಕ್ಯುಲರ್ ಹಿಡೀರಿ. ಮೊದಲು ಏನೋ ಒರೆಸದೇ ಬಿಟ್ಟ ಕಲೆ ಅನ್ಸುತ್ತೆ, ನೇರ ನೋಡ್ಬೇಡಿ, ದೃಷ್ಟಿ ಸ್ವಲ್ಪ ಪಕ್ಕಕ್ಕೆ ಸರಿಸಿ, ಆಗ ಬೂದು ಬಣ್ಣದ ಮೋಡ ರೆಕ್ಕೆ ಬಿಚ್ಚಿದಂತೆ ಅಗಲ ಆಗುತ್ತೆ. ಅದು ಒರಾಯನ್ ನೆಬ್ಯುಲಾ, ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರೋ ಜಾಗ, ಸಿಟಿಯಿಂದ ಕಾಣೋ ನೆಬ್ಯುಲಾಗಳಲ್ಲಿ ಇದಕ್ಕೆ ಸಾಟಿ ಇಲ್ಲ.

ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ನೇರ ದಕ್ಷಿಣಕ್ಕೆ ತಿರುಗಿ, ಎರಡೂವರೆ ಮುಷ್ಟಿ ಮೇಲೆ ಒಂಟಿಯಾಗಿ ಹೊಳೆಯೋದು ಅಗಸ್ತ್ಯ, ಪ್ರಕಾಶದಲ್ಲಿ ಲುಬ್ಧಕನ ನಂತರ ಇದೇ. ವಿಂಧ್ಯ ದಾಟಿ ದಕ್ಷಿಣಕ್ಕೆ ಬಂದು ಇಲ್ಲೇ ಉಳಿದ ಮುನಿ, ಆ ಕಡೆಯವರಿಗೆ ಕಾಣೋದೇ ಕಷ್ಟ, ದೆಹಲಿಯಲ್ಲಿ ಒಂದು ಮುಷ್ಟಿಯೂ ಮೇಲೆ ಬರಲ್ಲ.

ಉಲ್ಕೆ ನೋಡ್ಬೇಕು ಅಂದ್ರೆ ವರ್ಷಕ್ಕೆ ಒಂದೇ ರಾತ್ರಿ ಆರಿಸ್ಕೊಳ್ಳಿ ಅಂತ ನಾನು ಹೇಳೋದು, ಡಿಸೆಂಬರ್ 13–14ರ ಜೆಮಿನಿಡ್ಸ್ ಉಲ್ಕಾಮಳೆ. ಎಲ್ಲರೂ ಹೇಳೋ ಆಗಸ್ಟ್‌ನ ಪರ್ಸೀಡ್ಸ್ ನಮ್ಮ ಮಳೆಗಾಲದ ಮೋಡದೊಳಗೆ ಹೋಗುತ್ತೆ. ಜೆಮಿನಿಡ್ಸ್ ಚಿಮ್ಮೋದು ಪುನರ್ವಸು ಕಡೆಯಿಂದ, ಅದು ಎರಡು ಎರಡೂವರೆ ಹೊತ್ತಿಗೆ ಅತಿ ಮೇಲಿರುತ್ತೆ, ಹತ್ತರ ಮೇಲೆ ಯಾವಾಗ ಮಲಗಿ ನೋಡಿದ್ರೂ ಸರಿ. ಬೈನಾಕ್ಯುಲರ್ ಬೇಡ, ಆಕಾಶ ಎಷ್ಟು ಅಗಲ ಕಣ್ಣಿಗೆ ಬೀಳುತ್ತೋ ಅಷ್ಟು ಒಳ್ಳೇದು. ಹುಣ್ಣಿಮೆ ಹತ್ರ ಬಿದ್ದ ವರ್ಷ ಬಿಟ್ಹಾಕಿ.

ಶಿವರಾತ್ರಿ ಜಾಗರಣೆ

ಇದನ್ನ ಯಾಕೆ ಯಾರೂ ಉಪಯೋಗಿಸ್ಕೊಳ್ಳಲ್ಲ ಅಂತ ನನಗೆ ಪ್ರತಿ ವರ್ಷ ಅನ್ಸುತ್ತೆ. ಮಾಘ ಬಹುಳ ಚತುರ್ದಶಿ, ಅಮಾವಾಸ್ಯೆ ಹಿಂದಿನ ರಾತ್ರಿ, ಸಣ್ಣ ಗೆರೆಯಂಥ ಚಂದ್ರ ಹುಟ್ಟೋದು ಬೆಳಗಿನ ಜಾವಕ್ಕೇ, ಆಕಾಶ ತಿಳಿ, ಚಳಿ ಹಿತ, ಮನೆಮಂದಿಯೆಲ್ಲಾ ಹೇಗೂ ಎದ್ದಿರ್ತಾರೆ. ಒಂದೇ ರಾತ್ರಿಯಲ್ಲಿ ವರ್ಷದ ಮುಕ್ಕಾಲು ಪಾಲು ಆಕಾಶ ನೋಡಿಬಿಡಬಹುದು. ಹಬ್ಬ ಫೆಬ್ರವರಿ ಕೊನೇಲಿ ಬಿತ್ತು ಅಂದ್ಕೊಳ್ಳಿ (ಮಾರ್ಚಿಗೆ ಹೋದ್ರೆ ಎಲ್ಲಾ ಅರ್ಧ ಗಂಟೆ ಬೇಗ):

ಎಂಟು ಗಂಟೆ: ಮಹಾವ್ಯಾಧ ನೆತ್ತಿ ಮೇಲೆ, ಅಗಸ್ತ್ಯ ದಕ್ಷಿಣದಲ್ಲಿ, ಉತ್ತರದಲ್ಲಿ ಬ್ರಹ್ಮಹೃದಯ ಅನ್ನೋ ನಕ್ಷತ್ರ ಹಳದಿಯಾಗಿ. ಈಗಷ್ಟೇ ಹೇಳಿದ್ದೆಲ್ಲಾ ಒಂದು ಸುತ್ತು ಹಾಕಿ.

ಹನ್ನೆರಡು: ನೆತ್ತಿ ಮೇಲೆ ಮಘೆ, ಅದರ ಸುತ್ತ ಸಿಂಹ. ಈಶಾನ್ಯದಿಂದ ಸಪ್ತರ್ಷಿಗಳು ಮೇಲೆ ಬಂದಿರ್ತಾರೆ. ಇವರಲ್ಲಿ ಬಾಲ ಮತ್ತು ಚೌಕ ಸೇರೋ ಜಾಗದಲ್ಲಿರೋ ಅತ್ರಿ ಮಾತ್ರ ಉಳಿದ ಆರು ಜನಕ್ಕಿಂತ ಮಂಕು. ಇದು ನಿಮ್ಮ ತಾರಸಿಯ ಪರೀಕ್ಷೆ. ಅತ್ರಿ ಕಂಡ್ರೆ ಆಕಾಶ ಪರವಾಗಿಲ್ಲ, ಆರೇ ಕಂಡ್ರೆ ಬೆಡ್‌ಶೀಟ್ ಇನ್ನೊಂದು ಬೇಕು. ಬಾಲದ ನಡುವಿನ ವಸಿಷ್ಠನ ಪಕ್ಕ ಅರುಂಧತಿ, ಮದುವೇಲಿ ಹಗಲು ಹೊತ್ತಲ್ಲಿ ಪುರೋಹಿತರು ತೋರಿಸಿ ನೀವು ತಲೆ ಆಡಿಸಿದ್ರಲ್ಲ, ಈಗ ನಿಜವಾಗ್ಲೂ ನೋಡಿ.

ಎರಡೂವರೆ: ದಕ್ಷಿಣಕ್ಕೆ ನೇರ ತ್ರಿಶಂಕು. ಇದರ ಬಗ್ಗೆ ಕೆಳಗೆ ಹೇಳ್ತೀನಿ.

ನಾಲ್ಕೂವರೆ: ನೆತ್ತಿಗೆ ಸ್ವಾತಿ, ಆಗ್ನೇಯದಲ್ಲಿ ಕೆಂಪು ಜ್ಯೇಷ್ಠ ಇಟ್ಕೊಂಡು ಇಡೀ ವೃಶ್ಚಿಕ ಮೇಲೆದ್ದಿರುತ್ತೆ, ಕೊಂಡಿ ಸಮೇತ. ಹಳ್ಳೀಲಿದ್ರೆ ಅದರ ಹಿಂದೆ ಆಕಾಶಗಂಗೆಯ ದಪ್ಪ ಭಾಗ. ಐದೂವರೆಗೆ ಬೆಳಕು ಹರಿಯೋಕೆ ಶುರು, ಸ್ನಾನಕ್ಕೆ ಹೋಗಿ.

ಬೇಸಿಗೆ: ತ್ರಿಶಂಕು ಹುಡುಕೋದು

ಏಪ್ರಿಲ್ 22–23ರ ಹೊತ್ತಿಗೆ ಮೈಸೂರಲ್ಲಿ ನೆರಳಿಲ್ಲದ ದಿನ, ಮಧ್ಯಾಹ್ನ ಸುಮಾರು 12.22ಕ್ಕೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಕಂಬದ ನೆರಳು ಬುಡದಲ್ಲೇ ಅಡಗುತ್ತೆ. ಅದೇ ದಿನ ರಾತ್ರಿ ಎಂಟೂವರೆ ಸುಮಾರಿಗೆ ಮಘೆ ಕೂಡ ಅದೇ ನೆತ್ತಿ ದಾಟುತ್ತೆ, ಮಘೆನೂ ಅವತ್ತಿನ ಸೂರ್ಯನೂ ಹಾದುಹೋಗೋದು ಹೆಚ್ಚೂಕಡಿಮೆ ಒಂದೇ ಅಕ್ಷಾಂಶದ ನೆತ್ತಿ ಮೇಲೆ. ಮಕ್ಕಳಿಗೆ ರಜೆ ಇರುತ್ತೆ, ಎರಡೂ ತೋರಿಸಿ.

ತ್ರಿಶಂಕುಗೆ ಮೇ ಮಧ್ಯ, ರಾತ್ರಿ ಒಂಬತ್ತೂವರೆ. ಸಾಮಾನ್ಯವಾಗಿ ದಕ್ಷಿಣ ದಿಗಂತದಲ್ಲಿ ಸುಮ್ನೆ ತಡಕಾಡ್ತಾರೆ, ಹಾಗೆ ಮಾಡ್ಬೇಡಿ, ಮೇಲಿಂದ ಇಳೀರಿ. ಉತ್ತರದಲ್ಲಿ ಸಪ್ತರ್ಷಿ ಬಾಲದ ಬಾಗನ್ನ ಹಾಗೇ ಮುಂದುವರಿಸಿದ್ರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದುವರಿಸಿದ್ರೆ ನೀಲಿ ಬಿಳುಪಿನ ಚಿತ್ತೆ. ಚಿತ್ತೆಯ ಬಲಕ್ಕೆ ಓರೆಕೋರೆ ಚೌಕದಂಥ ನಾಲ್ಕು ನಕ್ಷತ್ರ, ಹಸ್ತ. ಹಸ್ತದಿಂದ ನೇರ ಕೆಳಗೆ ನಾಲ್ಕು ಮುಷ್ಟಿ ಇಳಿದ್ರೆ ಚಿಕ್ಕದಾಗಿ, ಗಾಳಿಪಟದ ಆಕಾರದಲ್ಲಿ ನಾಲ್ಕು ನಕ್ಷತ್ರ, ಅದೇ. ಎಡಕ್ಕೆ ಎರಡು ಜೋರು ನಕ್ಷತ್ರ ಜೊತೆಗಿರಬೇಕು, ಅದು ಗ್ಯಾರಂಟಿ ಗುರುತು. ಆ ಎರಡರಲ್ಲಿ ಎಡಗಡೆಯದು ಆಲ್ಫಾ ಸೆಂಟಾರಿ, ಸೂರ್ಯನ ನಂತರ ಬರಿಗಣ್ಣಿಗೆ ಕಾಣೋ ಅತಿ ಹತ್ತಿರದ ನಕ್ಷತ್ರ, ನಾಲ್ಕೂಕಾಲು ಜ್ಯೋತಿರ್ವರ್ಷಕ್ಕೆ ಸ್ವಲ್ಪ ಜಾಸ್ತಿ ದೂರ. ಮಾರ್ಚ್‌, ಏಪ್ರಿಲಲ್ಲಿ ಸಂಜೆ ಇದಕ್ಕಿಂತ ದೊಡ್ಡದಾಗಿ ಮಂಕಾಗಿ ಇನ್ನೊಂದು ಗಾಳಿಪಟ ಅದೇ ಕಡೆ ಕಾಣುತ್ತೆ, ಅದು ಸುಳ್ಳು ತ್ರಿಶಂಕು, ಅದರ ಪಕ್ಕ ಜೋಡಿ ಇರಲ್ಲ. ಅಪ್ಪಟ ತ್ರಿಶಂಕು ವಿಶ್ವಾಮಿತ್ರ ಮೇಲೆ ಕಳಿಸಿ ಇಂದ್ರ ಕೆಳಗೆ ತಳ್ಳಿದವನು, ನಮಗೆ ಕಾಣೋದೂ ಹಾಗೇ, ಮೇಲೂ ಹೋಗಲ್ಲ ಕೆಳಗೂ ಬೀಳಲ್ಲ, ದಿಗಂತದ ಹತ್ರ ಓರೆಯಾಗಿ ಎದ್ದು ಕೆಲವು ಗಂಟೆ ಇದ್ದು ಹೋಗ್ತಾನೆ.

ಬೈನಾಕ್ಯುಲರ್ ಇದ್ರೆ ಇನ್ನೊಂದು ಗಂಟೆ ಕಾಯಿರಿ. ಚಿತ್ತೆ ದಕ್ಷಿಣಕ್ಕೆ ನೇರ ಬಂದಾಗ ಅದರ ಕೆಳಗೆ ಮೂರೂವರೆ ಮುಷ್ಟಿ, ಒಂದು ಮಸುಕು ಹತ್ತಿ ಉಂಡೆ. ಒಮೆಗಾ ಸೆಂಟಾರಿ, ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ, 17,000 ಜ್ಯೋತಿರ್ವರ್ಷ ದೂರ. ಯುರೋಪಿನವರು ಇದನ್ನ ನೋಡೋಕೆ ಟಿಕೆಟ್ ತಗೊಂಡು ದಕ್ಷಿಣಕ್ಕೆ ಬರಬೇಕು.

ಬೇಸಿಗೆಯಲ್ಲಿ ಧೂಳು ಜಾಸ್ತಿ, ಆದ್ರೆ ಸಂಜೆ ಗುಡುಗು ಮಳೆ ಹೊಯ್ದು ಹತ್ತರ ಹೊತ್ತಿಗೆ ಬಿಡ್ತು ಅಂದ್ರೆ ಆ ರಾತ್ರಿ ತಪ್ಪಿಸ್ಬೇಡಿ, ಗಾಳಿ ತೊಳೆದಿರುತ್ತೆ.

ಮಳೆಗಾಲ, ದಸರಾ

ಜೂನಿಂದ ಸೆಪ್ಟೆಂಬರ್ ಪ್ಲಾನ್ ಮಾಡೋಕೆ ಹೋಗ್ಬೇಡಿ, ಮೋಡ ಬಿಟ್ಟಾಗ ಓಡಿ ಮೇಲೆ ಹೋಗೋದಷ್ಟೇ. ಜುಲೈನಲ್ಲಿ ಒಂಬತ್ತೂವರೆ, ಆಗಸ್ಟಲ್ಲಿ ಏಳೂವರೆ, ಎಂಟಕ್ಕೆ ದಕ್ಷಿಣದಲ್ಲಿ ವೃಶ್ಚಿಕ, ಚೇಳು ಅಂತ ಹೇಳಿಕೊಡೋದೇ ಬೇಡ. ಅನುರಾಧ, ಜ್ಯೇಷ್ಠ, ಮೂಲ ಮೂರೂ ಇದರಲ್ಲೇ. ಸೆಪ್ಟೆಂಬರ್, ಅಕ್ಟೋಬರಲ್ಲಿ ನೆತ್ತಿ ಹತ್ರ ಶ್ರವಣ, ಉತ್ತರಕ್ಕೆ ಅಭಿಜಿತ್, ಹಂಸದ ಬಾಲದ ನಕ್ಷತ್ರ ಡೆನೆಬ್, ಮೂರೂ ಸೇರಿ ದೊಡ್ಡ ತ್ರಿಕೋನ.

ಇಲ್ಲಿ ಮೈಸೂರಿಗೆ ಮಾತ್ರ ಇರೋ ಒಂದು ಸಂಕಟ ಇದೆ. ನವರಾತ್ರಿ ಶುರುವಾಗೋದು ಮಹಾಲಯ ಅಮಾವಾಸ್ಯೆ ಮಾರನೇ ದಿನ, ಅಂದ್ರೆ ಚಂದ್ರ ಇಲ್ಲದ ಒಳ್ಳೊಳ್ಳೆ ಸಂಜೆಗಳು, ಸರಿಯಾಗಿ ಅದೇ ವಾರ ಊರಿನ ರಸ್ತೆ, ಸರ್ಕಲ್ಲು, ಮರ ಎಲ್ಲಾ ದೀಪ ಸುತ್ತಿ ನಿಲ್ಲಿಸ್ತಾರೆ. ದಸರಾ ದೀಪ ನೋಡೋಕೆ ಹೋಗಿ, ನಕ್ಷತ್ರಕ್ಕೆ ರಜೆ. ದೀಪಾವಳಿ ಅಮಾವಾಸ್ಯೆನೂ ಪಟಾಕಿ ಹೊಗೆಗೆ ಹೋಯ್ತು.

ನವೆಂಬರಲ್ಲಿ ಎಂಟು ಗಂಟೆಗೆ ನೆತ್ತಿ ಸಮೀಪ ಖಾಲಿ ಖಾಲಿಯಾಗಿ ದೊಡ್ಡ ಚೌಕ, ಪೂರ್ವಾಭಾದ್ರ, ಉತ್ತರಾಭಾದ್ರ ಎರಡೂ ಸೇರಿ ಆಗಿರೋದು. ಅದರ ಈಶಾನ್ಯ ಮೂಲೆಯಿಂದ ಹೊರಟ ಸಾಲಿನ ಪಕ್ಕ ಬೈನಾಕ್ಯುಲರಲ್ಲಿ ಉದ್ದನೆ ಮಸುಕು ಕಂಡ್ರೆ ಅದು ಆಂಡ್ರೊಮಿಡಾ ಗೆಲಾಕ್ಸಿ, 25 ಲಕ್ಷ ಜ್ಯೋತಿರ್ವರ್ಷ ದೂರ. ಸಿಟಿ ಮಧ್ಯದಿಂದ ಕಷ್ಟ, ಅಂಚಿನ ಬಡಾವಣೆಯಿಂದ ಸಿಗುತ್ತೆ.

ಗ್ರಹಗಳು

ಮಿನುಗದೆ ನಿಂತು ಹೊಳೆಯೋದು ಗ್ರಹ. ಯಾವುದು ಎಲ್ಲಿದೆ ಅಂತ ಮತ್ತೆ ಪಂಚಾಂಗವೇ ಹೇಳುತ್ತೆ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ, ಶನಿ ಎರಡೂವರೆ ವರ್ಷ ಇರ್ತಾನೆ, ಸೂರ್ಯನ ಸುತ್ತ ಸುತ್ತೋಕೆ ಶನಿಗೆ 29 ವರ್ಷದ ಮೇಲೆ ಬೇಕು, ಹನ್ನೆರಡು ರಾಶಿಗೆ ಹಂಚಿದ್ರೆ ಅದೇ ಲೆಕ್ಕ. ಸಾಡೇಸಾತಿ ನಡೀತಿದೆ ಅಂತ ಎಳ್ಳೆಣ್ಣೆ ದೀಪ ಹಚ್ಚಿ ಬಂದೋರು ಅದೇ ರಾತ್ರಿ ಶನಿ ಯಾವ ರಾಶಿ ಅಂತ ನೋಡ್ಕೊಂಡು ತಾರಸಿ ಹತ್ತಿದ್ರೆ ಅವನ ಮುಖಾನೂ ನೋಡಬಹುದು. ಗುರುವಿನ ನಾಲ್ಕು ಚಂದ್ರ ಬೈನಾಕ್ಯುಲರಿಗೇ ಸಿಗುತ್ವೆ, ಗೆಲಿಲಿಯೋ 1610ರಲ್ಲಿ ಕಂಡದ್ದು ಅವೇ. ಶನಿ ಬಳೆಗೆ ಮಾತ್ರ ಟೆಲಿಸ್ಕೋಪ್ ಬೇಕು. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗಲ್ಲ, ನಡುರಾತ್ರಿ ನೆತ್ತಿ ಮೇಲೆ ಶುಕ್ರ ನೋಡ್ದೆ ಅಂದ್ರೆ ನೋಡಿದ್ದು ಬೇರೆ ಏನೋ.

ಊರಾಚೆ ಹೋಗೋದಾದ್ರೆ

ವರ್ಷಕ್ಕೆ ಒಂದೆರಡು ಸಲ ಸಾಕು. ಬೆಟ್ಟ, ಕೆರೆ ಏರಿ ಅಂತ ರಾತ್ರಿ ಗಾಡಿ ನಿಲ್ಲಿಸ್ಕೊಂಡು ಕೂರೋದು ನನಗೆ ಸರಿ ಅನ್ಸಲ್ಲ, ಚಾಮುಂಡಿ ಬೆಟ್ಟದ ತಪ್ಪಲಿರಲಿ ಮೇಲುಕೋಟೆ ಗುಡ್ಡ ಇರಲಿ, ಚಿರತೆ ಓಡಾಡೋ ಜಾಗ. ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕೆಆರ್‌ಎಸ್ ಕಡೆ ಬೃಂದಾವನದ ಲೈಟು. ಎಲ್ಲಕ್ಕಿಂತ ಒಳ್ಳೇದು ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ ಕಡೆ ನೆಂಟರ ಮನೆ ತಾರಸಿ, ರಾತ್ರಿ ಮುದ್ದೆ ಉಂಡು ಮೇಲೆ ಹೋಗೋದು. ಕಬ್ಬಿನ ಗದ್ದೆ, ನಾಲೆ ಪಕ್ಕದ ಊರಾದ್ರೆ ಚಳಿಗಾಲದಲ್ಲಿ ನಡುರಾತ್ರಿ ಮೇಲೆ ಮಂಜು ಕವಿಯುತ್ತೆ, ಆಲೆಮನೆ ಹತ್ರ ಇದ್ರೆ ಹೊಗೆನೂ ಸೇರುತ್ತೆ, ಮಳೆನೀರಿಗೆ ಕಾಯೋ ಬಯಲು ಊರುಗಳು ಇದಕ್ಕೆ ಮೇಲು.

ಬೈನಾಕ್ಯುಲರ್

10×50 ತಗೊಳ್ಳಿ, ಹತ್ತು ಪಟ್ಟು ದೊಡ್ಡದು ಮಾಡುತ್ತೆ, ಮುಂದಿನ ಗಾಜು 50 ಮಿಲಿಮೀಟರ್. ಕೈ ನಡುಗೋರಿಗೆ 7×50. ಮೊಣಕೈ ಪ್ಯಾರಾಪೆಟ್ ಮೇಲೆ ಊರಿ ಹಿಡಿದ್ರೆ ಗುರುವಿನ ಚಂದ್ರ ಅಲ್ಲಾಡದೆ ನಿಲ್ಲುತ್ತೆ. 500 ಪಟ್ಟು ದೊಡ್ಡದು ಕಾಣುತ್ತೆ ಅಂತ ಡಬ್ಬಿ ಮೇಲೆ ಬರೆದಿರೋ ಸಣ್ಣ ಟೆಲಿಸ್ಕೋಪ್ ಮಕ್ಕಳ ಬರ್ತ್‌ಡೇಗೂ ಕೊಡಿಸ್ಬೇಡಿ. ಗಾಜಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ದಾಟಿದ್ರೆ ಬರೀ ಮಸುಕು, 50 ಮಿಲಿಮೀಟರಿಗೆ ನೂರೇ ಮಿತಿ. ಸೂರ್ಯನ ಕಡೆ ಯಾವತ್ತೂ ತಿರುಗಿಸ್ಬೇಡಿ, ಕ್ಷಣದಲ್ಲಿ ಕಣ್ಣು ಹೋಗುತ್ತೆ, ಮಕ್ಕಳಿರೋ ಮನೇಲಿ ಹಗಲು ಹೊತ್ತು ಬೀರುವಿನಲ್ಲಿಟ್ಟು ಬೀಗ ಹಾಕಿ. ಜೂನ್ ಬಂದ್ರೆ ಬೀರುವಿನಲ್ಲೂ ಲೆನ್ಸಿಗೆ ಬೂಷ್ಟು ಹಿಡಿಯುತ್ತೆ, ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರೋ ಸಿಲಿಕಾ ಪೊಟ್ಟಣ ಎಸೀದೆ ಎತ್ತಿಟ್ಕೊಂಡು ಗಾಳಿಯಾಡದ ಡಬ್ಬದಲ್ಲಿ ಬೈನಾಕ್ಯುಲರ್ ಜೊತೆ ಹಾಕಿಡಿ, ಮೋಡ ಬಿಟ್ಟ ರಾತ್ರಿ ತೆಗೆದು ವೃಶ್ಚಿಕ ನೋಡಿ ಒರೆಸಿ ಮತ್ತೆ ಒಳಗಿಡಿ.